ಮಾತ್ರೆಯ ಜೊತೆ ಒಂದು ಕನ್ನಡ ಚೀಟಿಯನ್ನೂ ಕೊಡಿಸಿ

ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ,

ಬಿಪಿ, ಶುಗರ್ ಮಾತ್ರೆಗಳನ್ನು ಮನೆ ಬಾಗಿಲಿಗೇ ಮುಟ್ಟಿಸಲು ನಿಮ್ಮ ಇಲಾಖೆ ಹೊರಟಿದೆ. ಒಳ್ಳೆಯ ಕೆಲಸ. ಬಸ್ಸು ಹತ್ತಿ ಹೋಗಿ ಸಾಲಿನಲ್ಲಿ ನಿಲ್ಲುವ ವಯಸ್ಸಾದವರಿಗೆ ಅದರ ಬೆಲೆ ಗೊತ್ತು. ನನ್ನ ತಕರಾರು, ಮಾತ್ರೆ ಕೈಗೆ ಬಂದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ. 'ಬೆಳಿಗ್ಗೆ ಒಂದು, ರಾತ್ರಿ ಒಂದು' ಎನ್ನುವಲ್ಲಿಗೆ ನಮ್ಮಲ್ಲಿ ವಿವರಣೆ ಮುಗಿಯುತ್ತದೆ.

ನಮ್ಮತ್ತೆಗೆ ಬಿಪಿಗೆಂದು ಎನಾಲಾಪ್ರಿಲ್ ಶುರುವಾದ ಮೇಲೆ ಒಣಕೆಮ್ಮು ಹತ್ತಿಕೊಂಡಿತು. ಮೊದಲು ಶುಂಠಿ ಕಷಾಯ, ಆಮೇಲೆ ಒಂದು ಸಿರಪ್ಪು, ಆಮೇಲೆ ಇನ್ನೊಂದು ಬಣ್ಣದ್ದು, ಕಫ ಪರೀಕ್ಷೆ, ಎಕ್ಸ್‌ರೇ. ಎಲ್ಲವೂ ಸರಿಯಾಗಿಯೇ ಇತ್ತು, ಕೆಮ್ಮು ಮಾತ್ರ ಬಿಡಲಿಲ್ಲ. ಕೊನೆಗೆ ಯುವ ವೈದ್ಯೆಯೊಬ್ಬರು ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ನೋಡಿ, ಬಿಪಿಯದನ್ನು ಬದಲಿಸಿದರು. ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು. ಎನಾಲಾಪ್ರಿಲ್ ಗುಂಪಿನ ಮಾತ್ರೆಗಳಿಂದ ಒಣಕೆಮ್ಮು ಬರಬಹುದೆಂಬುದು ವೈದ್ಯಲೋಕಕ್ಕೆ ಹಳೆಯ ಸುದ್ದಿ. ಕೆಮ್ಮುವವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಬಿಪಿಗೇ ಕೊಡುವ ಅಮ್ಲೋಡಿಪಿನ್‌ನದೂ ಇದೇ ಕಥೆ. ಕೆಲವರಿಗೆ ಪಾದ ಊದುತ್ತದೆ, ಊದಿದ ಪಾದಕ್ಕೆ ನೀರಿಳಿಸುವ ಮಾತ್ರೆ ಬಂದು ಸೇರುತ್ತದೆ.

ಇವು ಹೇಗೋ ತಡೆದುಕೊಳ್ಳುವಂಥವು. ಶುಗರಿಗೆ ಗ್ಲಿಮೆಪಿರೈಡ್ ನುಂಗಿ, ಏಕಾದಶಿಯೆಂದು ಉಪವಾಸವಿದ್ದರೆ? ಬೆವರು, ಕೈನಡುಕ, ತೊದಲು ಮಾತು: ರಕ್ತದ ಸಕ್ಕರೆ ಕುಸಿದಿದೆ ಎಂದರ್ಥ. ಮನೆಯವರು ಪಿತ್ತವಿರಬೇಕೆಂದು ಮಲಗಿಸುತ್ತಾರೆ. ಎಚ್ಚರವಿದ್ದು ನುಂಗಬಲ್ಲವರಿಗೆ ಆಗ ಬೇಕಾದದ್ದು ಸಕ್ಕರೆ ಕದಡಿದ ನೀರು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನ ನುಂಗುವ ಮಾತ್ರೆ. ದಿನವೂ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು, ಜೀವಕ್ಕೇ ಸಂಚಕಾರ. ಇಷ್ಟು ಮುಖ್ಯವಾದ ಮಾತನ್ನು ಇಂಗ್ಲಿಷಿನಲ್ಲಿ ಗೀಚಿ ಕೊಟ್ಟರೆ ಮನೆಯಲ್ಲಿ ಓದುವವರು ಯಾರು?

ಅಂಗಡಿಯಲ್ಲಿ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಎಷ್ಟೋ ಸಲ ಹೆಸರಿನ ಅರ್ಧವೂ ಅವಧಿ ಮುಗಿಯುವ ತಾರೀಖೂ ಅಂಗಡಿಯಲ್ಲೇ ಉಳಿಯುತ್ತವೆ. ಮೈಮೇಲೆ ಗಂಧೆ ಎದ್ದು ಆಸ್ಪತ್ರೆಗೆ ಓಡಿದವರು 'ಬಿಳೀ ಮಾತ್ರೆ ಡಾಕ್ಟ್ರೇ' ಎನ್ನದೆ ಇನ್ನೇನು ಹೇಳಿಯಾರು?

ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದಲೇ ಇದೆ. ಘಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ಉಚಿತ ಸಹಾಯವಾಣಿ 1800-180-3024. ರೋಗಿಯೇ ತುಂಬಬಹುದಾದ ನಮೂನೆ ಕನ್ನಡದಲ್ಲೂ ಇದೆ. ನಾನು ಮಾತ್ರೆ ಕೊಳ್ಳುವ ಅಂಗಡಿಯ ಗೋಡೆಯ ಮೇಲೆ ಶಕ್ತಿವರ್ಧಕ ಪುಡಿಯ ಜಾಹೀರಾತಿಗೆ ಜಾಗವಿದೆ, ಈ ನಂಬರಿಗಿಲ್ಲ.

ನಾನು ಕೇಳುವುದು ಅಂಗೈ ಅಗಲದ ಚೀಟಿ, ದಪ್ಪ ಅಕ್ಷರದ ಕನ್ನಡದಲ್ಲಿ. ಮಾತ್ರೆ ಯಾವುದಕ್ಕೆ, ಊಟಕ್ಕೆ ಮುಂಚೆಯೋ ಆಮೇಲೋ, ಏನು ಕಂಡರೆ ತಕ್ಷಣ ಬರಬೇಕು, ಇಷ್ಟಿದ್ದರೆ ಸಾಕು. ಅಡ್ಡಪರಿಣಾಮ ತಿಳಿಸಿದರೆ ಜನ ಹೆದರಿ ಮಾತ್ರೆ ಬಿಡುತ್ತಾರೆಂದು ಅಧಿಕಾರಿಗಳು ಹೇಳಬಹುದು. ಈಗಲೂ ಬಿಡುತ್ತಿದ್ದಾರೆ ಸ್ವಾಮಿ, ಯಾರಿಗೂ ಹೇಳದೆ ಬಿಡುತ್ತಿದ್ದಾರೆ. 'ನೀವಾಗಿ ನಿಲ್ಲಿಸಬೇಡಿ, ಮೊದಲು ಕೇಳಿ' ಎಂಬ ಸಾಲೂ ಚೀಟಿಯಲ್ಲಿರಲಿ. ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡನ್ನು ಥಟ್ಟನೆ ಬಿಡುವುದೂ ಅಪಾಯವೇ.

ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಂದಲೇ ಶುರುಮಾಡಿ. ಚೀಟಿ ಓದಿ ಹೇಳುವುದು ಅವರಿಗೆ ಇನ್ನೊಂದು ಬಿಟ್ಟಿ ಚಾಕರಿಯಾಗದಂತೆ ಪ್ರೋತ್ಸಾಹಧನದ ಲೆಕ್ಕಕ್ಕೂ ಸೇರಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗೃಹಿಣಿ