ಬಾಂಬೆ ಮಿಠಾಯಿಯ ಬಣ್ಣಕ್ಕೆ ಗಡಿ ಎಲ್ಲಿದೆ?

ಹೊಸೂರು: ಅತ್ತಿಬೆಲೆಯಲ್ಲಿ ಅದು ಬಾಂಬೆ ಮಿಠಾಯಿ, ಗಡಿ ದಾಟಿ ಜೂಜುವಾಡಿಗೆ ಬಂದರೆ ಪಂಜು ಮಿಟ್ಟಾಯಿ. ಹೆಸರು ಎರಡು, ಸಕ್ಕರೆ ಒಂದೇ, ಬಣ್ಣವೂ ಒಂದೇ. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಇದರಲ್ಲಿ ಸಿಕ್ಕಿದ ಮೇಲೆ 2024ರ ಫೆಬ್ರವರಿ 17ರಂದು ತಮಿಳುನಾಡು ಸರ್ಕಾರ ಮಾರಾಟವನ್ನು ನಿಷೇಧಿಸಿತು. ಪುದುಚೇರಿ ಅದಕ್ಕೂ ಕೆಲವು ದಿನ ಮೊದಲೇ ನಿಷೇಧಿಸಿತ್ತು. ಮಾರ್ಚ್ 11ರಂದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಬಾಂಬೆ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಪ್ರಕಟಿಸಿದರು. ಜೂನ್ ತಿಂಗಳಲ್ಲಿ ಕಬಾಬಿನ ಸರದಿ ಬಂತು.

ಈ ಕಡೆಗೂ ಆ ಕಡೆಗೂ ಮೂರು ವಾರಗಳ ಅಂತರ. ಹೊಸೂರು, ಥಳಿ, ಬಾಗಲೂರಿನವರು ದಿನಕ್ಕೆರಡು ಸಲ ಗಡಿ ದಾಟುತ್ತಾರೆ. ತಾಳವಾಡಿಯವರಿಗೆ ಸಂತೆ ಸಾಮಾನಿಗೆ ಚಾಮರಾಜನಗರವೇ ಹತ್ತಿರ. ಅಲ್ಲಿ ನಿಷೇಧವಾದದ್ದು ಇಲ್ಲಿ ನಡೆಯುತ್ತದೆ, ಇಲ್ಲಿ ನಿಷೇಧವಾದದ್ದು ಅಲ್ಲಿ ನಡೆಯುತ್ತದೆ ಎಂದು ಇಂಥವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅದು ನಿಜವಲ್ಲ. ಆಹಾರಕ್ಕೆ ಏನು ಬೆರೆಸಬಹುದು, ಎಷ್ಟು ಬೆರೆಸಬಹುದು ಎಂಬುದನ್ನು ಹೇಳುವುದು ಕೇಂದ್ರದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಹಾಗೂ ಅದರ ಕೆಳಗಿನ 2011ರ ನಿಯಮಗಳು. ಅವು ಕಾಸರಗೋಡಿಗೂ ಅಕ್ಕಲಕೋಟೆಗೂ ಮಡಕಶಿರಕ್ಕೂ ಒಂದೇ. ರೋಡಮೈನ್-ಬಿ ದೇಶದ ಯಾವ ಮೂಲೆಯಲ್ಲೂ ತಿನ್ನುವ ಬಣ್ಣವಾಗಿರಲಿಲ್ಲ. ಅಂದರೆ 2024ರಲ್ಲಿ ರಾಜ್ಯಗಳು ಮಾಡಿದ್ದು ಬಹುಮಟ್ಟಿಗೆ, ಇದ್ದ ಕಾನೂನನ್ನು ಗಟ್ಟಿಯಾಗಿ ಓದಿ ಹೇಳಿದ ಕೆಲಸ.

ಓದಿ ಹೇಳುವಾಗ ಎರಡು ಬೇರೆ ಬೇರೆ ತಪ್ಪುಗಳು ಒಂದೇ ಬುಟ್ಟಿಗೆ ಬಿದ್ದವು. ಕರ್ನಾಟಕ ತೆಗೆದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ ಎಂದು ವರದಿ ಬಂತು. ಕಬಾಬಿನ 39ರಲ್ಲಿ 8. ಆದರೆ ಈ ಮಾದರಿಗಳಲ್ಲಿ ಸಿಕ್ಕ ಬಣ್ಣಗಳೆಲ್ಲ ಒಂದೇ ಜಾತಿಯವಲ್ಲ. ರೋಡಮೈನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಕೈಗಾರಿಕೆಯ ಬಣ್ಣ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಹಾಗಲ್ಲ. ಭಾರತ ಒಪ್ಪಿದ ಎಂಟು ಕೃತಕ ಬಣ್ಣಗಳ ಪಟ್ಟಿಯಲ್ಲೇ ಅವು ಇವೆ. ಬಿಸ್ಕತ್ತು, ಐಸ್ ಕ್ರೀಂ, ಸಿಹಿತಿಂಡಿಗಳಲ್ಲಿ ಮಿತಿಯೊಳಗೆ ಬಳಸಬಹುದು. ಕಬಾಬಿಗೆ, ಗೋಬಿಗೆ ಬಳಸುವಂತಿಲ್ಲ. ಮದುವೆ ಮನೆಯ ಕೇಸರಿಬಾತಿಗೆ ಹಾಕಲು ಅಂಗಡಿಯವರು ‘ಕೇಸರಿ ಪುಡಿ’ ಎಂದು ಕಟ್ಟಿ ಕೊಡುವುದೂ ಸಾಮಾನ್ಯವಾಗಿ ಇದೇ ಬಣ್ಣಗಳನ್ನು. ಕೇಸರಿ ಹೂವಿಗೂ ಅದಕ್ಕೂ ಸಂಬಂಧವಿಲ್ಲ. ಹೀಗಾಗಿ ಗಾಡಿಯವನು ‘ಇದು ಪರ್ಮಿಟ್ ಇರುವ ಬಣ್ಣ ಸ್ವಾಮಿ’ ಎಂದರೆ ಸುಳ್ಳು ಹೇಳುತ್ತಿದ್ದಾನೆಂದು ತಿಳಿಯಬೇಕಿಲ್ಲ. ಬಣ್ಣಕ್ಕೆ ಪರ್ಮಿಟ್ ಇದೆ, ಅವನ ಬಾಣಲೆಗೆ ಇಲ್ಲ.

ಮಿತಿ ಎಷ್ಟು? ಹೆಚ್ಚಿನ ತಿಂಡಿಗಳಲ್ಲಿ ಒಂದು ಕಿಲೋಗೆ 100 ಮಿಲಿಗ್ರಾಂ. ಹತ್ತು ಕಿಲೋ ಮಿಠಾಯಿಗೆ ಒಂದು ಗ್ರಾಂ. ಇದನ್ನು ತೂಗಲು ಅಕ್ಕಸಾಲಿಗನ ತಕ್ಕಡಿ ಬೇಕು. ಜಾತ್ರೆಯ ಗಾಡಿಯಲ್ಲಿ ಇರುವುದು ಎರಡು ಬೆರಳು. ಸನ್‌ಸೆಟ್ ಯೆಲ್ಲೋ ಬಣ್ಣವನ್ನು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 4 ಮಿಲಿಗ್ರಾಂವರೆಗೆ ಜೀವನಪೂರ್ತಿ ತಿಂದರೂ ತೊಂದರೆಯಿಲ್ಲ ಎಂಬುದು ಅಂತರರಾಷ್ಟ್ರೀಯ ತಜ್ಞರ ಸಮಿತಿಯ ಲೆಕ್ಕ. 15 ಕಿಲೋ ತೂಗುವ ಮಗುವಿಗೆ ಅದು 60 ಮಿಲಿಗ್ರಾಂ. ಮಿತಿಯೊಳಗೆ ಬಣ್ಣ ಹಾಕಿದ ನೂರು ಗ್ರಾಂ ಸಿಹಿಯಲ್ಲಿ ಇರುವುದು 10 ಮಿಲಿಗ್ರಾಂ, ಚಿಂತೆಯಿಲ್ಲ. ಬೆರಳಿನ ಅಳತೆಯಲ್ಲಿ ಹತ್ತು ಪಟ್ಟು ಬಿದ್ದರೆ ಒಂದೇ ತಟ್ಟೆಯಲ್ಲಿ 100 ಮಿಲಿಗ್ರಾಂ ಆಯಿತು. ಒಂದು ದಿನ ಹೀಗಾದರೆ ಮಗು ಹಾಸಿಗೆ ಹಿಡಿಯುತ್ತದೆ ಎಂದಲ್ಲ. ಶಾಲೆ ಬಿಟ್ಟ ಮೇಲೆ ಪ್ರತಿ ಸಂಜೆ ಅದೇ ಗಾಡಿಯ ಮುಂದೆ ನಿಲ್ಲುವ ಮಗುವಿನ ಲೆಕ್ಕ ಬೇರೆ.

ರೋಡಮೈನ್ ವಿಷಯದಲ್ಲಿ ಈ ಲೆಕ್ಕವೂ ಸಾಧ್ಯವಿಲ್ಲ. ತಿಂದರೆ ಕ್ಯಾನ್ಸರ್ ಖಚಿತ ಎಂದು ಆಗ ಎಲ್ಲೆಡೆ ಸುದ್ದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಷ್ಟು ದೂರ ಹೋಗಿಲ್ಲ. ಮನುಷ್ಯರ ಮಟ್ಟಿಗೆ ತೀರ್ಮಾನ ಹೇಳುವಷ್ಟು ಪುರಾವೆ ಇಲ್ಲ ಎಂಬ ಗುಂಪಿನಲ್ಲಿ ಅದನ್ನು ಇಟ್ಟಿದೆ. ಹಾಗೆಂದು ಅದು ನಿರಪಾಯ ಎಂದಾಗುವುದಿಲ್ಲ. ಇಷ್ಟು ತಿಂದರೆ ಸುರಕ್ಷಿತ ಎಂಬ ಅಳತೆಯೇ ಇಲ್ಲದ ಪುಡಿ ಅದು. ತಿನ್ನಲೆಂದು ತಯಾರಾದದ್ದಲ್ಲವಾದ್ದರಿಂದ ಅದರ ಶುದ್ಧತೆಗೆ ಹೊಣೆ ಹೊತ್ತವರೂ ಇಲ್ಲ.

ಬಣ್ಣದ ಗಲಾಟೆಯಲ್ಲಿ ಪೊಟ್ಟಣದ ಮೇಲಿನ ಸಂಖ್ಯೆಗಳೆಲ್ಲ ವಿಷ ಎಂಬ ಮಾತೂ ಹಬ್ಬಿತು. 330 ಎಂದರೆ ಮನೆಯಲ್ಲೇ ಇರುವ ನಿಂಬೆ ಉಪ್ಪು. 500 ಅಡುಗೆ ಸೋಡಾ. 322 ಸೋಯಾದಂಥ ಕಾಳುಗಳಿಂದ ತೆಗೆಯುವ ಲೆಸಿಥಿನ್, ಚಾಕಲೇಟಿನ ಕೊಬ್ಬು ಬೇರೆಯಾಗದಂತೆ ಹಿಡಿದಿಡುತ್ತದೆ. 211 ಎಂದರೆ ಸೋಡಿಯಂ ಬೆಂಜೊಯೇಟ್. ಸಾಸು, ಹಣ್ಣಿನ ಪಾನಕ ಬೂಸ್ಟು ಹಿಡಿಯದಂತೆ ಕಾಯುವುದು ಇದರ ಕೆಲಸ. ಇದಿಲ್ಲದೆ ಕೆಟ್ಟ ಸಾಸು ತಿನ್ನುವುದೂ ಅಪಾಯವೇ. 621 ಟೇಸ್ಟಿಂಗ್ ಪೌಡರ್. 2015ರ ಮ್ಯಾಗಿ ಪ್ರಕರಣದಿಂದ ಅದರ ಹೆಸರು ಕೆಟ್ಟಿದೆ. ಆದರೆ ಅದರಲ್ಲಿರುವ ಗ್ಲುಟಮೇಟ್ ಟೊಮೆಟೊ ಹಣ್ಣಿನಲ್ಲೂ ಇದೆ. ಮಿತವಾಗಿ ಬಳಸಿದರೆ ಹೆಚ್ಚಿನವರಿಗೆ ಬಾಧೆಯಿಲ್ಲ.

ಒಪ್ಪಿದ ಪಟ್ಟಿ ಕಲ್ಲಿನ ಶಾಸನವೂ ಅಲ್ಲ. ಬ್ರೆಡ್ಡಿನ ಹಿಟ್ಟು ಚೆನ್ನಾಗಿ ಉಬ್ಬಲೆಂದು ಹಾಕುತ್ತಿದ್ದ ಪೊಟ್ಯಾಷಿಯಂ ಬ್ರೋಮೇಟ್ 2016ರವರೆಗೆ ನಮ್ಮಲ್ಲಿ ಕಾನೂನುಬದ್ಧವಾಗಿತ್ತು. ಕ್ಯಾನ್ಸರ್ ತರಬಹುದಾದ ವಸ್ತು ಎಂಬ ಎಚ್ಚರಿಕೆ ಅದಕ್ಕೆ ಎಷ್ಟೋ ವರ್ಷ ಮೊದಲೇ ಇತ್ತು. ದೆಹಲಿಯ ಸಂಸ್ಥೆಯೊಂದು ಆ ವರ್ಷ ಬ್ರೆಡ್ಡುಗಳನ್ನು ಪರೀಕ್ಷಿಸಿ ಬಯಲಿಗಿಟ್ಟ ಮೇಲೆ ಅದು ಪಟ್ಟಿಯಿಂದ ಹೊರಬಿತ್ತು. ಕೃತಕ ಬಣ್ಣಗಳ ವಿಷಯದಲ್ಲೂ 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಅಧ್ಯಯನ, ಕೆಲವು ಬಣ್ಣಗಳ ಜೊತೆ ಬೆಂಜೊಯೇಟ್ ಸೇರಿಸಿ ಕೊಟ್ಟಾಗ ಮಕ್ಕಳ ಚಂಚಲತೆ ಹೆಚ್ಚಿದ್ದನ್ನು ಕಂಡಿತು. 2010ರಿಂದ ಯುರೋಪಿನಲ್ಲಿ ಆ ಬಣ್ಣಗಳಿರುವ ಪೊಟ್ಟಣದ ಮೇಲೆ ಮಕ್ಕಳ ಏಕಾಗ್ರತೆಯ ಬಗ್ಗೆ ಎಚ್ಚರಿಕೆ ಬರೆಯಬೇಕು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಮೂರೂ ಅದರಲ್ಲಿವೆ.

ಪೊಟ್ಟಣದ ಬರಹವನ್ನು ಇಲ್ಲಿಯ ತಾಯಂದಿರು ಓದುವುದಾದರೂ ಹೇಗೆ? ಗಡಿನಾಡಿನವರು ಎರಡು ಭಾಷೆ ಬಲ್ಲವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಮಲಯಾಳ, ತೆಲುಗು ಅಥವಾ ಮರಾಠಿ. ಆಹಾರದ ಪೊಟ್ಟಣ ಮಾತನಾಡಬೇಕಾದದ್ದು ಇಂಗ್ಲಿಷಿನಲ್ಲಿ, ಇಲ್ಲವೇ ದೇವನಾಗರಿಯ ಹಿಂದಿಯಲ್ಲಿ. ಉಳಿದ ಭಾಷೆಗಳು ಕಂಪನಿಯ ಇಷ್ಟ. ಜಾಹೀರಾತಿಗೆ ಊರಿನ ಭಾಷೆ ಬೇಕು, ಒಳಗಿರುವುದನ್ನು ಹೇಳಲು ಬೇಡ. ಇನ್ನು ಗಾಡಿಯ ತಿಂಡಿಗೆ ಚೀಟಿಯೇ ಇಲ್ಲ.

ಶಿಕ್ಷೆಯ ಮಾತಿನಲ್ಲೂ ಗೊಂದಲವಿದೆ. ಬಣ್ಣ ಹಾಕಿದವರಿಗೆ ಏಳು ವರ್ಷದಿಂದ ಜೀವಾವಧಿ ಸೆರೆ, 10 ಲಕ್ಷ ದಂಡ ಎಂದು ಆಗ ಪ್ರಕಟವಾಯಿತು. ಕಾಯ್ದೆಯ 59ನೇ ಕಲಮಿನಲ್ಲಿ ಆ ಶಿಕ್ಷೆ ಇರುವುದು ತಿಂದವರು ಸತ್ತಾಗ. ಯಾರಿಗೂ ಹಾನಿಯಾಗದ ಪ್ರಕರಣಕ್ಕೆ, 2023ರ ತಿದ್ದುಪಡಿಯ ನಂತರ, ಗರಿಷ್ಠ ಮೂರು ತಿಂಗಳ ಸೆರೆ ಮತ್ತು 3 ಲಕ್ಷದವರೆಗೆ ದಂಡ. ದೊಡ್ಡ ಸಂಖ್ಯೆ ಕೂಗಿ ಹೆದರಿಸಿದರೆ ಗಾಡಿಯವನು ನಾಲ್ಕು ದಿನ ಕಾಣೆಯಾಗುತ್ತಾನೆ, ಅಷ್ಟೆ. ಕೈಗಾರಿಕೆಯ ಬಣ್ಣವನ್ನು ತಿನ್ನುವ ಬಣ್ಣವೆಂದು ಚಿಲ್ಲರೆಯಾಗಿ ಅವನ ಕೈಗಿಟ್ಟ ವ್ಯಾಪಾರಿಯ ಹೆಸರು ಸುದ್ದಿಯಲ್ಲಿ ಬರುವುದೇ ಇಲ್ಲ. ತನಿಖೆ ನಿಜಕ್ಕೂ ಶುರುವಾಗಬೇಕಾದದ್ದು ಆ ಅಂಗಡಿಯಿಂದ.

ಜನರ ಕೈಯಲ್ಲಿರುವ ಒಂದು ದಾರಿ ಅದೇ ಕಾಯ್ದೆಯ 40ನೇ ಕಲಮಿನಲ್ಲಿದೆ, ಹೆಚ್ಚು ಮಂದಿಗೆ ತಿಳಿಯದು. ತಿಂಡಿ ಕೊಂಡ ಯಾರೇ ಆದರೂ ಶುಲ್ಕ ಕಟ್ಟಿ ಸರ್ಕಾರದ ಆಹಾರ ವಿಶ್ಲೇಷಕರಿಂದ ಅದನ್ನು ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಮಾರುವವನಿಗೆ ಹೇಳಿರಬೇಕು ಎಂಬುದು ಷರತ್ತು. ನೆರೆಹೊರೆಯ ಗಾಡಿಯವನ ಮುಖ ನೋಡಿ ಹಾಗೆ ಹೇಳುವುದು ಸುಲಭವಲ್ಲ, ಅದು ಬೇರೆ ಮಾತು. ತಪ್ಪು ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್ಸು ಬರುತ್ತದೆ. ಕಾನೂನು ಒಂದೇ ಆದರೂ ಅಧಿಕಾರಿಗಳು ಆಯಾ ರಾಜ್ಯದವರು. ಅತ್ತಿಬೆಲೆಯಲ್ಲಿ ಕೊಂಡ ಕಬಾಬಿನ ದೂರು ಬೆಂಗಳೂರಿನ ಕಡೆಯ ಆಹಾರ ಸುರಕ್ಷತಾ ಅಧಿಕಾರಿಗೆ ಹೋಗಬೇಕು, ಹೊಸೂರಿನಲ್ಲಿ ಕೊಂಡದ್ದು ಕೃಷ್ಣಗಿರಿ ಜಿಲ್ಲೆಯವರಿಗೆ.