ಮೂಳೆಯೊಳಗಿನ ಗಣಿ

ಅದಿರು ತೆಗೆದ ಪೊಳ್ಳನ್ನು ಬರಿದಾಗಿ ಬಿಡಬಾರದೆಂಬ ನಿಯಮವನ್ನು ಆಂಡರ್ಸನ್‌ಪೇಟೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಬಗೆದ ಎಡೆಗೆ ಕಗ್ಗಲ್ಲಿನ ಆಸರೆ ಕಟ್ಟುತ್ತಿದ್ದರು. ಆದರೂ ಬಂಡೆ ಸಿಡಿದು ಜೀವಗಳು ಹೋದುದುಂಟು. 2001ರಲ್ಲಿ ಗಣಿಗಳು ಮುಚ್ಚಿದವು. ಆದರೆ ಅಂತಹುದೇ ಕೆಲಸವೊಂದು ಆ ಹಿರಿಯರ ಮೂಳೆಗಳಲ್ಲಿ, ವಾಚಕರ ಮೂಳೆಗಳಲ್ಲಿಯೂ, ಹಗಲಿರುಳೆನ್ನದೆ ನಡೆದೇ ಇದೆ.

ಮೂಳೆಯೆಂದರೆ ಸುಣ್ಣದ ಜಡಕಂಬವೆಂದು ತಿಳಿದವರೇ ಹೆಚ್ಚು. ಮಸಣದ ಮೂಳೆ ಹಾಗಿರಬಹುದು, ಬದುಕಿರುವವನದು ಹಾಗಲ್ಲ. ಅದರಲ್ಲಿ ಅಗೆಯುವ ಜೀವಕೋಶಗಳಿವೆ. ಆಸ್ಟಿಯೋಕ್ಲಾಸ್ಟ್ ಎಂದು ಅವುಗಳ ಹೆಸರು. ರಕ್ತದ ಬಿಳಿಯ ಕಣಗಳ ಕುಲದಲ್ಲಿ ಹುಟ್ಟಿದ ಹಲವು ಕೋಶಗಳು ಬೆಸೆದುಕೊಂಡು ಇಂತಹ ಒಂದೊಂದು ದೈತ್ಯಕೋಶವಾಗುತ್ತದೆ. ಆಮ್ಲವನ್ನು ಸುರಿಸಿ ಹಳೆಯ ಮೂಳೆಯನ್ನು ಕರಗಿಸುತ್ತ ಸುರಂಗ ಕೊರೆಯುತ್ತದೆ. ಅದರ ಬೆನ್ನಹಿಂದೆಯೇ ಕಟ್ಟುವ ಕೋಶಗಳಾದ ಆಸ್ಟಿಯೋಬ್ಲಾಸ್ಟ್‌ಗಳು ಬಂದು, ಕೊಲಾಜೆನ್ ಎಂಬ ನಾರನ್ನು ಹಾಸಿ, ಸುಣ್ಣ ರಂಜಕಗಳ ಹರಳುಗಳನ್ನು ಕೂಡಿಸುತ್ತವೆ. ಅಗೆಯಲು ಕೆಲವು ವಾರ ಸಾಕು, ತುಂಬಲು ಕೆಲವು ತಿಂಗಳು ಬೇಕು. ಕೆಡವುವುದು ಎಲ್ಲೆಡೆಯೂ ಸುಲಭವೇ! ಕಟ್ಟುವವರಲ್ಲಿ ಕೆಲವರು ತಾವು ಎಬ್ಬಿಸಿದ ಗೋಡೆಯಲ್ಲಿಯೇ ಹುದುಗಿಹೋಗುತ್ತಾರೆ. ಇವರೇ ಆಸ್ಟಿಯೋಸೈಟ್‌ಗಳು, ಮೂಳೆಯ ಕೋಶಗಳಲ್ಲಿ ನೂರಕ್ಕೆ 90ರಷ್ಟು ಇವರೇ. ಸುತ್ತಲೂ ಎಳೆಗೈಗಳನ್ನು ಚಾಚಿ, ಮೇಲೆ ಬೀಳುವ ಭಾರವನ್ನರಿತು, ಎಲ್ಲಿ ಅಗೆಯಬೇಕು, ಎಲ್ಲಿ ಕಟ್ಟಬೇಕೆಂದು ಸುದ್ದಿ ಕಳುಹಿಸುವ ಮೇಸ್ತ್ರಿಗಳು.

ಮುಪ್ಪಿನಲ್ಲಿ ಅಗೆತವೇ ಮುಂದಾಗಿ ಮೂಳೆ ಪೊಳ್ಳಾಗುವುದು ಎಲ್ಲ ದೇಶಗಳಲ್ಲಿಯೂ ಉಂಟು. ಕೋಲಾರ ಸೀಮೆಯ ಸಂಕಟವೇ ಬೇರೆ. ಕೆರೆಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಆಳಕ್ಕಿಳಿದವು. ಬಂಡೆಯಲ್ಲಿದ್ದ ಫ್ಲೋರೈಡ್ ನೀರಿನೊಡನೆ ಮೇಲೆ ಬಂದಿತು. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಜಿಲ್ಲೆಯ ಎಷ್ಟೋ ಹಳ್ಳಿಗಳ ನೀರು ಆ ಗೆರೆಯನ್ನು ದಾಟಿದೆ. ವರ್ಷಗಟ್ಟಲೆ ಕುಡಿದ ಫ್ಲೋರೈಡ್ ಮೂಳೆಯಲ್ಲಿ ಸೇರಿಕೊಂಡು ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ. ಮೂಳೆ ದಪ್ಪವಾಗುತ್ತದೆ, ಆದರೆ ಬಲವಾಗುವುದಿಲ್ಲ. ಕೀಲುಗಳನ್ನು ಬಿಗಿದ ರಜ್ಜುಗಳೂ ಸುಣ್ಣಗಟ್ಟಿ ಬೆನ್ನು ಸೆಡೆತುಕೊಳ್ಳುತ್ತದೆ. ಹಾಗಾದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ.

ಮಕ್ಕಳ ಹಲ್ಲಿನ ಮೇಲಣ ಕಂದು ಕಲೆ ಮೊದಲ ಎಚ್ಚರಿಕೆ. ಅದನ್ನು ಕಂಡ ತಾಯಿ ನೀರನ್ನು ಕುದಿಸಿ ಕೊಡಲು ಮೊದಲಿಡುತ್ತಾಳೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಫ್ಲೋರೈಡನ್ನು ಸೋಸುವ ಶುದ್ಧ ನೀರಿನ ಘಟಕ ಹತ್ತಿರವಿದ್ದರೆ ಕುಡಿಯಲೂ ಅಡಿಗೆಗೂ ಅಲ್ಲಿಂದಲೇ ತರಬೇಕು. ಇಲ್ಲವಾದರೆ ಗುಡಿಸಿ ತೊಳೆದ ಮಾಳಿಗೆಯಿಂದ ಮಳೆಯ ನೀರನ್ನು ಹಿಡಿದಿಡಬಹುದು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಆ ನೀರನ್ನು ಮಾತ್ರ ಧಾರಾಳವಾಗಿ ಕುದಿಸಿ ಕುಡಿಯಲಿ.