ಹೆಸರಿಲ್ಲದವರು ಕುದಿಸಿದ ಔಷಧಿ

ಗಂಗಾವತಿಯ ಔಷಧಿ ಅಂಗಡಿಯಾಗ ಜ್ವರದ ಗುಳಿಗಿ ಕೊಂಡ್ರ ಅದರ ಹಾಳಿ ಮ್ಯಾಲ ಕಂಪನಿ ಹೆಸರು ಇರ್ತೈತಿ, ಬೆಲೆ ಇರ್ತೈತಿ. ಒಳಗಿನ ಮೂಲ ಔಷಧಿ ಯಾವ ಊರಾಗ ಕುದೀತು, ಕುದಿಸಿದವರು ಯಾರು, ಹೊಲಸು ನೀರು ಯಾವ ಹಳ್ಳಕ್ಕ ಹೋತು, ಇದು ಮಾತ್ರ ಇರೂದಿಲ್ಲ.

ಜ್ವರ ಇಳಿಸುವ ಶಕ್ತಿ ಇರುವುದು ಆ ಮೂಲ ಔಷಧಿಯಲ್ಲಿ. ಉಳಿದದ್ದು ಹಿಟ್ಟು, ಅಂಟು, ಬಣ್ಣ. ಹೆಸರುಳ್ಳ ಕಂಪನಿ ಅದನ್ನು ತಾನೇ ಮಾಡಬೇಕೆಂದಿಲ್ಲ. ಇನ್ನೊಬ್ಬನಿಗೆ ಗುತ್ತಿಗೆ ಕೊಡುತ್ತದೆ. ಅವನು ಗುತ್ತೇದಾರನಿಂದ ಆಳು ತರಿಸುತ್ತಾನೆ. ಗುತ್ತಿಗೆಯ ಮೇಲೆ ಗುತ್ತಿಗೆ! ಲಾಭ ಮ್ಯಾಲಕ್ಕೇರ್ತೈತಿ, ಅಪಾಯ ಕೆಳಕ್ಕಿಳೀತೈತಿ.

ಇದು ನಮಗೆ ಹೊಸದೇನು? ಸತ್ತ ದನ ಎಳೆದು ಸುಣ್ಣದ ಗುಂಡಿಯಲ್ಲಿ ತೊಗಲು ಹದ ಮಾಡಿದವನನ್ನು ಊರ ಹೊರಗಿಟ್ಟು, ಅದೇ ತೊಗಲಿನ ಮದ್ದಳೆಯನ್ನು ಗುಡಿಯೊಳಗೆ ಬಾರಿಸಿದ ದೇಶವಿದು. ವಸ್ತು ಮಡಿ, ಮಾಡಿದವ ಮೈಲಿಗೆ. ಶ್ರೀಮಂತ ದೇಶಗಳೂ ಇದೇ ವಿದ್ಯೆ ಕಲಿತವು. ಹೊಲಸು ರಸಾಯನವನ್ನು ಚೀನಾಕ್ಕೆ, ಹೈದರಾಬಾದಿಗೆ ದಾಟಿಸಿ, ಹೊಳೆಯುವ ಗುಳಿಗೆಯನ್ನು ತಾವು ನುಂಗಿದವು.

ಚೀನಾದ ಮೂಲ ಔಷಧಿಯನ್ನೇ ನೆಚ್ಚಿ ಕೂತ ಅಪಾಯ 2020ರ ಕೊರೊನಾ ಕಾಲದಲ್ಲಿ ಸರ್ಕಾರಕ್ಕೆ ಇನ್ನಷ್ಟು ಎದ್ದು ಕಂಡಿತು. ಕಾರ್ಖಾನೆ ಒಡೆಯರಿಗೆ 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಬಂತು. ಕೂಲಿಯವರಿಗೆ ಏನು ಬಂತು? 2024ರ ಆಗಸ್ಟ್ 21ರಂದು ಆಂಧ್ರದ ಅಚ್ಯುತಾಪುರಂನ ಔಷಧಿ ಕಾರ್ಖಾನೆಯಲ್ಲಿ 17 ಹೆಣ. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನಲ್ಲಿ, ಗುಳಿಗೆಗೆ ಬೆರೆಸುವ ಹಿಟ್ಟು ಮಾಡುವ ಕಾರ್ಖಾನೆ ಸಿಡಿದು 50ಕ್ಕೂ ಹೆಚ್ಚು ಹೆಣ. ಸತ್ತವರಲ್ಲಿ ಬಹಳ ಮಂದಿ ಬೇರೆ ರಾಜ್ಯಗಳಿಂದ ಗುಳೆ ಬಂದವರು.

ಇದು ದೂರದ ಮಾತಲ್ಲ. ಯಾದಗಿರಿಯ ಕಡೇಚೂರು-ಬಾಡಿಯಾಳದಲ್ಲಿ 3 ಸಾವಿರಕ್ಕೂ ಹೆಚ್ಚು ಎಕರೆ ರೈತರ ಭೂಮಿ ಹೋಯಿತು. ಔಷಧಿ, ರಾಸಾಯನಿಕ ಕಾರ್ಖಾನೆಗಳು ಬಂದವು. ಹಿಂದೆಯೇ ದುರ್ವಾಸನೆಯ ದೂರೂ ಬಂತು. ಹೊಗೆ ಅಂದ್ರೇನಂತ ಕೊಪ್ಪಳಕ್ಕ ಹೇಳಿಕೊಡಬೇಕಾಗಿಲ್ಲ. ಗಿಣಿಗೇರಿಯ ಕಪ್ಪು ಧೂಳು ಉಂಡ ಮಂದಿ 2025ರ ಫೆಬ್ರವರಿ 24ರಂದು ಊರಿಗೆ ಊರೇ ಬಂದ್ ಮಾಡಿ ಬೀದಿಗಿಳಿದರು.

"ಹಂಗಾದ್ರ ಕೆಲಸ ಬ್ಯಾಡೇನು?" ಅಂತ ಕೇಳುವ ಪುಢಾರಿಗಳಿದ್ದಾರೆ. ಬೇಕು. ಕುಷ್ಟಗಿ, ಯಲಬುರ್ಗಾದಿಂದ ಗಂಟುಮೂಟೆ ಕಟ್ಟಿ ಗುಳೆ ಹೋಗುವವರಿಗೆ ಕೆಲಸ ಬೇಕು. ಜ್ವರ ಬಂದ ಕೂಸಿಗೆ ಅಗ್ಗದ ಗುಳಿಗಿಯೂ ಬೇಕು. ಆದರೆ ಸಾವು ಅದರ ಬೆಲೆಯಾಗಬಾರದು.

ಮೂಲ ಔಷಧಿ ತಯಾರಾದ ಕಾರ್ಖಾನೆಯ ಹೆಸರು, ಊರು ಗುಳಿಗೆಯ ಹಾಳೆಯ ಮೇಲೆ ಬರಲಿ. ಕುದಿಯುವ ಪಾತ್ರೆಯ ಮುಂದೆ ನಿಂತವನು ಖಾಯಂ ನೌಕರನಾಗಲಿ. ಗುತ್ತಿಗೆ ಕೊಟ್ಟ ಕಂಪನಿಯೇ ಅವನ ಜೀವಕ್ಕೂ ಊರಿನ ನೀರಿಗೂ ಹೊಣೆಯಾಗಲಿ. ಲಾಭಕ್ಕೆ ಅಂಟಿದ ಹೆಸರು ಹೊಣೆಗೂ ಅಂಟಲೇಬೇಕು.

ಹೆಸರಿಲ್ಲದವರ ಬೆವರಿನಲ್ಲಿ ಹೆಸರು ಮಾಡಿದವರೇ, ಮೊದಲು ಅವರ ಹೆಸರು ಬರೀರಿ!